ಬೀಡಿನ ಒಲೆಯನ್ನು ಮೊದಲು ತಟ್ಟಿ ನೋಡಿ

ಓದುಗರ ಪ್ರಶ್ನೆ, ಮೇಸ್ತ್ರಿಯ ಉತ್ತರ

ಪ್ರಶ್ನೆ: ಮೇಸ್ತ್ರಿಗಳಿಗೆ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಹತ್ತಿರ ಸಣ್ಣ ಕಾಫಿ ತೋಟ. ತೋಟದಲ್ಲಿರೋ ಹಳೇ ಬಂಗಲೆಯನ್ನು ನಮ್ಮಜ್ಜ ದೊರೆಗಳ ಕೈಯಿಂದ ಕೊಂಡಿದ್ದರು. ಹೋದ ತಿಂಗಳು ಗೊಬ್ಬರದ ಚೀಲ ಇಡುವ ಕೋಣೆ ಖಾಲಿ ಮಾಡುವಾಗ ಮೂಲೆಯಲ್ಲಿ ಒಂದು ಕಬ್ಬಿಣದ ಒಲೆ ಸಿಕ್ಕಿತು. ಅಡುಗೆ ಒಲೆಯಲ್ಲ, ಕೋಣೆ ಬೆಚ್ಚಗೆ ಮಾಡುವಂಥದ್ದು. ಸೊಂಟದೆತ್ತರ ಇದೆ. ನಾಲ್ಕು ಕಾಲಲ್ಲಿ ಒಂದು ಮುರಿದಿದೆ. ಬಾಗಿಲಲ್ಲಿ ನಾಲ್ಕು ಪುಟ್ಟ ಕಿಟಕಿ, ಗಾಜಿಲ್ಲ, ಎಂಥದೋ ಹಾಳೆ ಪುಡಿಪುಡಿಯಾಗಿ ಅಂಟಿಕೊಂಡಿದೆ. ಹಿಂದುಗಡೆ ಇಂಗ್ಲಿಷಿನಲ್ಲಿ 'ಫಾಲ್ಕರ್ಕ್' ಅಂತ ಉಬ್ಬು ಅಕ್ಷರ, ಪಕ್ಕದಲ್ಲೊಂದು ನಂಬರು. ಮೈತುಂಬ ತುಕ್ಕು. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾನೆ, ಅಮ್ಮ ಕೊಡಬೇಡ ಅಂತಾರೆ. ಮರಳು ಚಿಮ್ಮಿಸಿ ತುಕ್ಕು ತೆಗೆಯುವ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ ಕಪ್ಪು ಬಣ್ಣ ಹೊಡೆಸಿದರೆ ಮಳೆಗಾಲಕ್ಕೆ ಉರಿಸಬಹುದಾ?

ಉತ್ತರ: ಅಮ್ಮ ಹೇಳಿದ್ದೇ ಸರಿ. ಗುಜರಿಗೆ ಹಾಕಬೇಡಿ. ಆದರೆ ಸ್ಯಾಂಡ್ ಬ್ಲಾಸ್ಟಿಂಗ್‌ನವನಿಗೂ ಈಗಲೇ ಫೋನ್ ಮಾಡಬೇಡಿ. ಮೊದಲು ಒಲೆಗೆ ಸ್ವಲ್ಪ ಕಿವಿ ಕೊಡಿ.

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳು ಮಡಚಿ ತಟ್ಟಿ ನೋಡುತ್ತೀರಲ್ಲ, ಹಾಗೇ. ಒಲೆಯನ್ನು ಎರಡು ಮರದ ತುಂಡಿನ ಮೇಲೆ ಕೂರಿಸಿ. ಸಣ್ಣ ಸುತ್ತಿಗೆಯ ಹಿಡಿಯಿಂದ, ಗಮನಿಸಿ, ತಲೆಯಿಂದಲ್ಲ, ಒಲೆಯ ಒಂದೊಂದೇ ಕಬ್ಬಿಣದ ಹಲಗೆಯನ್ನು ಮೆಲ್ಲಗೆ ತಟ್ಟಿ. ಗಟ್ಟಿ ಇದ್ದ ಕಡೆ ಗಂಟೆಯ ಹಾಗೆ 'ಟಣ್' ಅಂತ ಎಳೆದು ಬರುತ್ತದೆ. ಸೀಳು ಇದ್ದ ಕಡೆ 'ದಡ್' ಅಂತ ಸತ್ತ ಸದ್ದು. ಬೋಲ್ಟು ಸಡಿಲ ಇದ್ದರೂ ಹಾಗೇ ಕೇಳುತ್ತದೆ. ಅದಕ್ಕೇ ಸದ್ದು ಸತ್ತ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟುಕೊಳ್ಳಿ, ಬಿಚ್ಚಿದ ಮೇಲೆ ಮತ್ತೆ ತಟ್ಟಿ ನೋಡಬೇಕು.

ನಿಮ್ಮ ಒಲೆ ಬೀಡಿನದು. ನಮ್ಮ ಕಡೆ ಬೀಡಿನ ಕಾವಲಿ ಅಂತೀವಲ್ಲ, ಅದೇ ಕಬ್ಬಿಣ. ಇದರಲ್ಲಿ ನೂರಕ್ಕೆ 2ರಿಂದ 4 ಭಾಗ ಇಂಗಾಲ ಇರುತ್ತದೆ. ಗೇಟು, ಗ್ರಿಲ್ಲಿಗೆ ಹಾಕುವ ಸಾದಾ ಉಕ್ಕಿನಲ್ಲಿ ಕಾಲು ಭಾಗವೂ ಇರುವುದಿಲ್ಲ. ಈ ಇಂಗಾಲ ಕಬ್ಬಿಣದೊಳಗೆ ಗ್ರಾಫೈಟಿನ ಸಣ್ಣ ಪದರಗಳಾಗಿ ಕೂತಿರುತ್ತದೆ. ಅದರಿಂದಲೇ ಬೀಡು ಚೆನ್ನಾಗಿ ಎರಕ ಹೊಯ್ಯಲು ಬರುತ್ತದೆ. ಅದರಿಂದಲೇ ಒಂದು ಪೆಟ್ಟು ಬಿದ್ದರೆ ಬಿಸ್ಕತ್ತಿನ ಥರ ಮುರಿಯುತ್ತದೆ ಕೂಡ.

ಇದನ್ನು ನಾನು ಓದಿ ಕಲಿತಿದ್ದಲ್ಲ. ಇಪ್ಪತ್ತರ ಹುಡುಗ ಆಗ, ಚಿಕ್ಕಮಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿದ್ದೆ. ಬಾಳೆಹೊನ್ನೂರು ಕಡೆಯ ತೋಟದಿಂದ ಇಂಥದ್ದೇ ಒಂದು ಒಲೆ ಜೀಪಿನಲ್ಲಿ ಬಂತು. ಒಂದು ಬೋಲ್ಟು ಬಿಚ್ಚಿಕೊಳ್ಳಲಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ತೂರಿಸಿ, ಹಲ್ಲು ಕಚ್ಚಿ ಎಳೆದೆ. ಬೋಲ್ಟು ಬರಲಿಲ್ಲ, ಬೋಲ್ಟು ಕೂತಿದ್ದ ಕಿವಿಯೇ ಕಿತ್ತು ಬಂತು. ನಮ್ಮ ಯಜಮಾನರು ಬೈಯಲಿಲ್ಲ. ಆ ತುಂಡನ್ನು ನನ್ನ ಅಂಗೈಗೆ ಹಾಕಿ, "ಮುರಿದ ಕಡೆ ನೋಡೋ" ಅಂದರು. ಬೂದು ಬಣ್ಣ, ಸಕ್ಕರೆ ಹರಳಿನ ಹಾಗೆ ಮಿಣಮಿಣ. ಬೆರಳಲ್ಲಿ ಉಜ್ಜಿದರೆ ಪೆನ್ಸಿಲ್ಲಿನ ಕಪ್ಪು ಅಂಟಿತು. ಆ ತುಂಡು ಇವತ್ತಿಗೂ ನನ್ನ ಟೂಲ್ ಪೆಟ್ಟಿಗೆಯಲ್ಲಿದೆ.

ಆದ್ದರಿಂದ ಬೋಲ್ಟಿಗೆ ಬಲ ಹಾಕಬೇಡಿ. ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ದಿನಕ್ಕೆರಡು ಸಲ ಹನಿ ಬಿಡಿ, ಮೂರು ದಿನ. ಆಮೇಲೆ ಆ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಬಯಲಲ್ಲಿಟ್ಟು, ನಟ್ಟನ್ನು ಮಾತ್ರ ಗ್ಯಾಸ್ ಟಾರ್ಚಿನಲ್ಲಿ ಬಿಸಿ ಮಾಡಿ. ಹಿಂದಕ್ಕೆ ಕಾಲು ಸುತ್ತು, ಮುಂದಕ್ಕೆ ಕಾಲು ಸುತ್ತು. ಆಗಲೂ ಬರದಿದ್ದರೆ ಗ್ರೈಂಡರಿನಲ್ಲಿ ನಟ್ಟನ್ನೇ ಸೀಳಿ ಹಾಕಿ. ಬೋಲ್ಟು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಕಿವಿ ಸಿಗುವುದಿಲ್ಲ. ಹೇಗೂ ಹಳೇ ಬ್ರಿಟಿಷ್ ಒಲೆಯ ಬೋಲ್ಟುಗಳು ಇಂಚಿನ ಲೆಕ್ಕದ ವಿಟ್‌ವರ್ತ್ ಥ್ರೆಡ್ಡಿನವು, ಈಗಿನ ಮಿಲಿಮೀಟರ್ ನಟ್ಟು ಅದಕ್ಕೆ ಕೂರುವುದಿಲ್ಲ. ನಟ್ಟು ಬೋಲ್ಟು ಎರಡನ್ನೂ ಹೊಸದು ತನ್ನಿ. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಬಿಚ್ಚಿದ ಹಲಗೆಗೆಲ್ಲ ತಂತಿಯಲ್ಲಿ ಚೀಟಿ ಕಟ್ಟಿ. ಪಂಚಿನಲ್ಲಿ ನಂಬರ್ ಹೊಡೆಯಲು ಮಾತ್ರ ಹೋಗಬೇಡಿ.

ಬಿಚ್ಚುವಾಗ ಒಂದು ಎಚ್ಚರಿಕೆ. ಬಾಗಿಲಿನ ಅಂಚಲ್ಲಿ ಬಿಳಿಯೋ ಬೂದೋ ಬಣ್ಣದ ಹಗ್ಗದಂಥದ್ದು ಸಿಕ್ಕರೆ ಅದನ್ನು ಒಣಗಿದ್ದಂತೆಯೇ ಕೆರೆಯಬೇಡಿ. ಹಳೇ ಕಾಲದಲ್ಲಿ ಅಲ್ಲಿಗೆ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಹಾಕುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ನೆನೆಸಿ, ಒಳ್ಳೇ ಮಾಸ್ಕ್ ಹಾಕಿಕೊಂಡು ಬಿಡಿಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಆ ಜಾಗಕ್ಕೆ ಈಗ ಗ್ಲಾಸ್ ಫೈಬರ್ ಹಗ್ಗ ಬರುತ್ತದೆ.

ಕಿಟಕಿಯಲ್ಲಿ ಪುಡಿಯಾಗಿರುವ ಹಾಳೆ ಕಾಗೆಬಂಗಾರ. ಅಭ್ರಕ ಅಂತಲೂ ಅಂತಾರೆ. ಬೆಂಕಿಗೆ ಒಡೆಯುವುದಿಲ್ಲ, ಬೆಳಕು ಬಿಡುತ್ತದೆ, ಅದಕ್ಕೇ ಆಗಿನವರು ಗಾಜಿನ ಬದಲು ಇದನ್ನು ಹಾಕುತ್ತಿದ್ದರು. ಹಳೇ ಕರೆಂಟು ಇಸ್ತ್ರಿಪೆಟ್ಟಿಗೆಯೊಳಗೂ ಇದೇ ಇರುತ್ತಿತ್ತು. ಹೀಟರ್ ಎಲಿಮೆಂಟ್ ರಿಪೇರಿ ಮಾಡುವವರನ್ನು ಕೇಳಿದರೆ ಹಾಳೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಕತ್ತರಿಯಲ್ಲೇ ಕತ್ತರಿಸಬಹುದು. ಸಾದಾ ಕಿಟಕಿ ಗಾಜು ಹಾಕಿದರೆ ಬಿಸಿಗೆ ಸಿಡಿಯುತ್ತದೆ.

ಇನ್ನು ಆ ಉಬ್ಬು ಅಕ್ಷರ. ಫಾಲ್ಕರ್ಕ್ ಅನ್ನೋದು ಸ್ಕಾಟ್ಲೆಂಡಿನ ಒಂದು ಊರು, ಎರಕದ ಕೆಲಸಕ್ಕೆ ಹೆಸರಾದದ್ದು. ಅದರ ಪಕ್ಕದಲ್ಲೇ 1759ರಲ್ಲಿ ಕ್ಯಾರನ್ ಕಂಪನಿ ಶುರುವಾಯಿತು. ಹಡಗಿನ ಫಿರಂಗಿಯಿಂದ ಹಿಡಿದು ಮನೆಯ ಒಲೆಯವರೆಗೆ ಎಲ್ಲ ಹೊಯ್ದರು ಅವರು. ಆಮೇಲೆ ಆ ಸುತ್ತಲೇ ಫೌಂಡ್ರಿಗಳು ಸಾಲುಗಟ್ಟಿ ಎದ್ದವು. ಪಕ್ಕದಲ್ಲಿರುವ ನಂಬರು ಸಾಮಾನ್ಯವಾಗಿ ಅಚ್ಚಿನದು. ಅದನ್ನು ಬರೆದಿಟ್ಟುಕೊಳ್ಳಿ, ಮೇಲೆ ಗ್ರೈಂಡರ್ ಓಡಿಸಿ ಅಳಿಸಬೇಡಿ. ತಮಾಷೆ ಏನಂದರೆ, ಬೀಡಿಗೆ ನಮ್ಮ ಚಿಕ್ಕಮಗಳೂರು ಜಿಲ್ಲೆಯೂ ಕಮ್ಮಿ ಇರಲಿಲ್ಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಶುರುವಾದಾಗ ಅದಿರು ಹೋಗುತ್ತಿದ್ದದ್ದು ನಮ್ಮ ಕೆಮ್ಮಣ್ಣುಗುಂಡಿಯಿಂದ. ಕುಲುಮೆಗೆ ಕಲ್ಲಿದ್ದಲಲ್ಲ, ಮಲೆನಾಡಿನ ಕಟ್ಟಿಗೆ ಸುಟ್ಟ ಇದ್ದಿಲು. ಎಷ್ಟು ಕಾಡು ಹೋಯಿತೋ, ಆ ಮಾತು ಬೇರೆ.

ಈಗ ತುಕ್ಕಿನ ವಿಷಯ. ನಿಮ್ಮ ಕಾಗದದಲ್ಲಿ ನನಗೆ ಚುಚ್ಚಿದ ಮಾತು 'ಗೊಬ್ಬರದ ಚೀಲ ಇಡುವ ಕೋಣೆ'. ಪೊಟ್ಯಾಷ್ ಗೊಬ್ಬರ ಅಂದರೆ ಉಪ್ಪಿನ ಜಾತಿ. ಅದರ ಧೂಳು, ಕೊಟ್ಟಿಗೆಹಾರದ ಮಳೆಯ ತೇವ, ಎರಡೂ ಸೇರಿದರೆ ಕಬ್ಬಿಣವನ್ನು ತಿಂದೇ ಹಾಕುತ್ತವೆ. ಆ ಉಪ್ಪು ತುಕ್ಕಿನ ತೂತುಗಳೊಳಗೆ ಕೂತಿರುತ್ತದೆ. ಮರಳು ಹೊಡೆಸಿ, ಅದರ ಮೇಲೆ ಬಣ್ಣ ಬಳಿದರೆ ಫೋಟೋಗೆ ಚೆನ್ನಾಗಿ ಕಾಣುತ್ತದೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣದ ಕೆಳಗಿಂದ ಗುಳ್ಳೆ ಎದ್ದಿರುತ್ತದೆ. ಮರಳಿನ ಧೂಳೂ ಎದೆಗೆ ಒಳ್ಳೆಯದಲ್ಲ, ಹೂವಿನ ಕೆತ್ತನೆಯ ಮೂಗು ಬಾಯಿಯೂ ಸವೆಯುತ್ತದೆ.

ಅದರ ಬದಲು ಹೀಗೆ ಮಾಡಿ. ಮೊದಲು ವೈರ್ ಬ್ರಷ್ಷಿನಲ್ಲಿ ಕೈಯಿಂದಲೇ ಉಜ್ಜಿ, ಪದರದ ತುಕ್ಕು ಉದುರಲಿ. ಬಾಗಿಲಿಗೆ ಬೆಳ್ಳಿಯ ಹಾಗೆ ಹೊಳೆಯುವ ಪಟ್ಟಿ ಇದ್ದರೆ ಅದು ನಿಕ್ಕಲ್ ಲೇಪ, ಅಲ್ಲಿಗೆ ವೈರ್ ಬ್ರಷ್ ತಾಗಿಸಬೇಡಿ, ಆ ತುಂಡನ್ನು ಡ್ರಮ್ಮಿಗೂ ಹಾಕಬೇಡಿ. ಆಮೇಲೆ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು, 10 ಲೀಟರಿಗೆ ಮೂರು ನಾಲ್ಕು ಚಮಚ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಕಾಸ್ಟಿಕ್ ಸೋಡಾ ಅಂತೂ ಅಲ್ಲವೇ ಅಲ್ಲ. ಒಲೆಯ ಹಲಗೆಯನ್ನು ಅದರಲ್ಲಿ ಇಳಿಬಿಡಿ. ಪಕ್ಕದಲ್ಲಿ, ಒಂದಕ್ಕೊಂದು ತಾಗದ ಹಾಗೆ, ಗುಜರಿ ಕಬ್ಬಿಣದ ಸರಳು. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ವೈರು ಹಲಗೆಗೆ, ಪ್ಲಸ್ ವೈರು ಸರಳಿಗೆ. ಉಲ್ಟಾ ಕೊಟ್ಟರೆ ಸರಳು ಉಳಿಯುತ್ತದೆ, ನಿಮ್ಮ ಒಲೆ ಕರಗುತ್ತದೆ. ಸರಳು ಸ್ಟೇನ್‌ಲೆಸ್ ಸ್ಟೀಲಿನದು ಬೇಡ, ಅದರಿಂದ ಕ್ರೋಮಿಯಂ ವಿಷ ನೀರಿಗೆ ಬಿಡುತ್ತದೆ. ಸಣ್ಣ ಗುಳ್ಳೆ ಏಳುತ್ತಿರುತ್ತದೆ, ಅದು ಹೈಡ್ರೋಜನ್, ಬೆಂಕಿ ಹಿಡಿಯುವ ಅನಿಲ. ಕಣದಲ್ಲಿ, ಬಯಲಲ್ಲಿ ಇಟ್ಟು ಮಾಡಿ, ಹತ್ತಿರ ಬೀಡಿ ಸೇದಬೇಡಿ. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿ.

ಒಂದು ಹಗಲು ಬಿಟ್ಟು ತೆಗೆದರೆ ಕೆಂಪು ತುಕ್ಕು ಕಪ್ಪು ಕೆಸರಾಗಿರುತ್ತದೆ, ಬ್ರಷ್ಷಿಗೆ ಬರುತ್ತದೆ. ಒಳಗಿನ ಉಪ್ಪೂ ಇದರಲ್ಲಿ ಹೊರಗೆ ಬರುತ್ತದೆ. ನೀರು ಬದಲಾಯಿಸಿ ಇನ್ನೊಂದು ಸಲ ಮಾಡಿ. ಬಿಸಿನೀರಲ್ಲಿ ತೊಳೆದ ಕೂಡಲೇ ಒರೆಸಿ ಬಿಸಿಲಿಗಿಡಿ. ತಡ ಮಾಡಿದರೆ ಕಣ್ಣೆದುರಿಗೇ ಕೇಸರಿ ಬಣ್ಣ ಹತ್ತುತ್ತದೆ. ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ನಿಮ್ಮೂರಲ್ಲಿ ಜೂನ್ ಬಂದರೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಬ್ಬಿಣ ಒಣಗುತ್ತದಾ?

ಈಗ ಗುರುತು ಹಾಕಿದ್ದೀರಲ್ಲ, ಆ ಸತ್ತ ಸದ್ದಿನ ಜಾಗಗಳು. ಹಲಗೆಯ ಹೊರಮೈಗೆ ಸುಣ್ಣ ತೆಳ್ಳಗೆ ಬಳಿದು ಒಣಗಿಸಿ. ಒಳಮೈಗೆ ಡೀಸೆಲ್ ಸವರಿ ಅರ್ಧ ಗಂಟೆ ಬಿಡಿ. ಸೀಳು ಆರಪಾರ ಇದ್ದರೆ ಬಿಳಿ ಸುಣ್ಣದ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಒಸರಿ ಬರುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ ಗಳಿಗೆ. ಒಲೆ ಉರಿಸೋದಾ, ಹಾಲ್‌ನಲ್ಲಿ ಶೋಗೆ ಇಡೋದಾ ಅನ್ನೋದು ಇಲ್ಲೇ ತೀರ್ಮಾನ ಆಗುತ್ತದೆ.

ಕಾಲು ಮುರಿದದ್ದು ದೊಡ್ಡ ವಿಷಯವಲ್ಲ. ಕಾಲಿಗೆ ಬೆಂಕಿ ತಾಗುವುದಿಲ್ಲ, ಹಿತ್ತಾಳೆ ಬೆಸುಗೆ ಹಾಕಿಸಿದರೆ ನಿಲ್ಲುತ್ತದೆ. ಬೆಂಕಿ ಉರಿಯುವ ಪೆಟ್ಟಿಗೆಯೇ ಸೀಳಿದ್ದರೆ ಮಾತ್ರ ಸಾಮಾನ್ಯ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ. ಸಾದಾ ರಾಡಿನಲ್ಲಿ ಹೊಡೆದರೆ ಬೆಸುಗೆಯ ಪಕ್ಕದಲ್ಲೇ ಹೊಸ ಸೀಳು ಬರುತ್ತದೆ. ನಿಕ್ಕಲ್ ರಾಡ್ ಬೇಕು. ಹಲಗೆಯನ್ನು ಮೊದಲೇ ಕಾಯಿಸಬೇಕು. ಒಂದೊಂದೇ ಇಂಚು ಹಾಕಿ, ಸಣ್ಣಗೆ ಸುತ್ತಿಗೆಯಲ್ಲಿ ತಟ್ಟಿ, ಮತ್ತೆ ಒಂದಿಂಚು. ಮುಗಿದ ಮೇಲೆ ಇಡೀ ಹಲಗೆಯನ್ನು ಒಣ ಬೂದಿಯಲ್ಲಿ ಹೂತಿಡುತ್ತಿದ್ದೆವು. ಮಾರನೇ ದಿನ ಬೆಳಿಗ್ಗೆ ತೆಗೆದರೂ ಕೈಗೆ ಬೆಚ್ಚಗಿರುತ್ತಿತ್ತು. ನಿಧಾನಕ್ಕೆ ತಣ್ಣಗಾಗಬೇಕು, ಅಷ್ಟೇ ಗುಟ್ಟು.

ಒಳಗಿನ ಜಾಲರಿ, ಕಟ್ಟಿಗೆ ಕೂರುವ ಸರಳಿನ ತಟ್ಟೆ, ಸುಟ್ಟು ಬಾಗಿಯೇ ಇರುತ್ತದೆ. ಅದನ್ನು ರಿಪೇರಿ ಮಾಡಬೇಡಿ. ಹಳೆಯದನ್ನೇ ಜೋಡಿಸಿ ಅಂಟಿಸಿ, ಮಾದರಿಯಾಗಿ ಕೊಟ್ಟರೆ ಶಿವಮೊಗ್ಗದ ಫೌಂಡ್ರಿಗಳಲ್ಲಿ ಹೊಸದು ಹೊಯ್ದು ಕೊಡುತ್ತಾರೆ. ಬೀಡು ತಣ್ಣಗಾಗುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಹಾಗಾಗಿ ಹೊಸದು ಹಳೆಯದಕ್ಕಿಂತ ಚೂರು ಸಣ್ಣದಾಗಿ ಬರುತ್ತದೆ. ಜಾಲರಿಗೆ ಅದು ಒಳ್ಳೆಯದೇ, ಬಿಸಿಗೆ ಹಿಗ್ಗಲು ಜಾಗ ಬೇಕಲ್ಲ. ಬಾಗಿಲನ್ನು ಹೀಗೆ ಹೊಯ್ಯಿಸಿದರೆ ಸಂದು ಬೀಳುತ್ತದೆ. ಆಗ ಅಚ್ಚನ್ನು ಸ್ವಲ್ಪ ದೊಡ್ಡದು ಮಾಡಿಸಬೇಕು.

ಜೋಡಿಸುವಾಗ ಹಲಗೆಯ ಸಂದಿಗೆಲ್ಲ ಬೆಂಕಿ ತಡೆಯುವ ಫರ್ನೇಸ್ ಸಿಮೆಂಟ್ ಮೆತ್ತಿ. ಮನೆ ಕಟ್ಟುವ ಸಿಮೆಂಟ್ ಉದುರಿ ಹೋಗುತ್ತದೆ. ಬೋಲ್ಟಿನ ಥ್ರೆಡ್ಡಿಗೆ ಗ್ರಾಫೈಟ್ ಪುಡಿ ಸವರಿ, ಕೈಯಲ್ಲಿ ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಾಕು. ರಾತ್ರಿ ಒಲೆಯೊಳಗೆ ಬ್ಯಾಟರಿ ಟಾರ್ಚು ಹಚ್ಚಿಟ್ಟು ಕೋಣೆಯ ಲೈಟು ಆರಿಸಿ. ಸಂದಿಯಲ್ಲಿ ಬೆಳಕು ಕಂಡರೆ ಅಲ್ಲಿ ಹೊಗೆಯೂ ಬರುತ್ತದೆ. ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಬಂದರೆ ಹಗ್ಗ ಇನ್ನೂ ದಪ್ಪದ್ದು ಬೇಕು.

ಬಣ್ಣ ಕೊನೆಗೆ. ಸಾದಾ ಆಯಿಲ್ ಪೇಂಟು ಮೊದಲ ಬೆಂಕಿಗೇ ಗುಳ್ಳೆ ಎದ್ದು ಮನೆಯೆಲ್ಲ ನಾರುತ್ತದೆ. 600 ಡಿಗ್ರಿ ತಡೆಯುತ್ತದೆ ಅಂತ ಡಬ್ಬಿ ಮೇಲೆ ಬರೆದಿರುವ ಬಣ್ಣವೇ ಬೇಕು. ನನಗೆ ಅದಕ್ಕಿಂತ ಗ್ರಾಫೈಟ್ ಪಾಲಿಶ್ ಇಷ್ಟ. ಬೂಟ್ ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚಿ ಉಜ್ಜಿದರೆ ಹಳೇ ಪೆನ್ಸಿಲ್ಲಿನ ಹೊಳಪು ಬರುತ್ತದೆ. ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು, ನಿಜ. ಹೂವಿನ ಕೆತ್ತನೆಗೆ ಗೋಲ್ಡ್ ಪೇಂಟ್ ಹೊಡೆಯುವವರನ್ನು ಕಂಡಿದ್ದೇನೆ. ನಿಮ್ಮ ಒಲೆ, ನಿಮ್ಮಿಷ್ಟ. ನನ್ನನ್ನು ಕರೆದು ತೋರಿಸಬೇಡಿ ಅಷ್ಟೇ.

ಬಂಗಲೆಯ ನೆಲ ಮರದ್ದಾಗಿದ್ದರೆ ಒಲೆ ಕೆಳಗೆ ಕಲ್ಲಿನ ಚಪ್ಪಡಿ ಹಾಕಿ, ಮುಂದಕ್ಕೂ ಒಂದೂವರೆ ಅಡಿ ಬರಲಿ. ಒಲೆಯಿಂದ ಮರದ ಗೋಡೆಗೆ, ಬೀರುವಿಗೆ ಮೂರಡಿ ದೂರ. ಒಂಟಿ ತಗಡಿನ ಹೊಗೆ ಕೊಳವೆ ಮರದಿಂದ ಒಂದೂವರೆ ಅಡಿ ದೂರ ಇರಬೇಕು. ಮಾಡಿನ ಪಕಾಸಿ, ರೀಪರ್ ದಾಟುವ ಕಡೆ ಅಷ್ಟು ಜಾಗ ಬಿಡಲು ಆಗುವುದಿಲ್ಲ. ಅಲ್ಲಿಗೆ ನಡುವೆ ಬಿಸಿ ತಡೆಯುವ ಪದರ ಇರುವ ಎರಡು ಗೋಡೆಯ ಕೊಳವೆ ಹಾಕಿಸಿ. ಹೆಂಚಿನ ಮೇಲೆ ಕನಿಷ್ಠ ಮೂರಡಿ ಎತ್ತರ ನಿಲ್ಲಿಸಿ ಟೋಪಿ ಹಾಕಿ, ಇಲ್ಲದಿದ್ದರೆ ಆಷಾಢದ ಗಾಳಿಗೆ ಹೊಗೆ ವಾಪಸ್ ಮನೆಯೊಳಗೇ.

ಕಟ್ಟಿಗೆಗೆ ನಿಮಗೇನು ಬರ? ಕಿತ್ತ ಕಾಫಿ ಗಿಡದ ಬೊಡ್ಡೆ ಗಟ್ಟಿ ಸೌದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಸಿಲ್ವರ್ ಓಕ್ ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಯಾವುದಾದರೂ ಒಂದು ವರ್ಷ ಮಾಡಿನ ಕೆಳಗೆ ಒಣಗಿರಬೇಕು. ಹಸಿ ಕಟ್ಟಿಗೆ ಹಾಕಿದರೆ ಕೊಳವೆಯೊಳಗೆ ಟಾರಿನಂಥ ಜಿಗುಟು ಕಟ್ಟುತ್ತದೆ, ಒಂದಿನ ಅದಕ್ಕೇ ಬೆಂಕಿ ಹಿಡಿಯುತ್ತದೆ. ಮೊದಲ ಮೂರು ದಿನ ಪುಟ್ಟ ಬೆಂಕಿ, ಕಿಟಕಿ ಎಲ್ಲ ತೆಗೆದಿರಲಿ. ಬಣ್ಣ ಕಾದು ಹೊಗೆ ಬರುತ್ತದೆ, ಗಾಬರಿ ಬೇಡ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಇಂಥದ್ದೇ ಹಳೇ ಒಲೆಯನ್ನು ಗೆಸ್ಟ್‌ಗಳು ಮಲಗುವ ಕೋಣೆಯಲ್ಲಿ ಇಡಬೇಕು ಅಂತಿದ್ದೇವೆ. ರಾತ್ರಿಯಿಡೀ ಬೆಚ್ಚಗಿರಲು ಡ್ಯಾಂಪರ್, ಅಂದರೆ ಹೊಗೆ ದಾರಿ ಮುಚ್ಚುವ ತಟ್ಟೆ, ಎಷ್ಟು ಮುಚ್ಚಬಹುದು?

ಉತ್ತರ: ಮಲಗುವ ಕೋಣೆಗೆ ಬೇಡ. ಹಾಲ್‌ನಲ್ಲಿಡಿ. ಕೆಂಡ ಇರುವಾಗ ಹೊಗೆ ದಾರಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಕೋಣೆಗೆ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಚಳಿಗೆ ಅಂತ ಬಾಗಿಲು ಹಾಕಿಕೊಂಡು ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿ ಸತ್ತವರ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದಲ್ಲ, ಅದು ಇದೇ. ಹಾಲ್‌ನಲ್ಲೂ ಹೊರಗಿನ ಗಾಳಿ ಬರಲು ಗೋಡೆಯಲ್ಲಿ ಕಿಂಡಿ ಬಿಡಿಸಿ, ಈ ಅನಿಲಕ್ಕೆ ಕೂಗುವ ಅಲಾರಂ ಒಂದು ತಂದು ಹಾಕಿ, ದುಬಾರಿ ಏನಲ್ಲ. ಇನ್ನೊಂದು. ಕೆಲಸದ ಹುಡುಗರಿಗೆ ಹೇಳಿಡಿ, ರಾತ್ರಿ ಬೆಂಕಿ ಆರಿಸಲು ನೀರು ಎರಚಬಾರದು. ಕಾದ ಬೀಡಿಗೆ ತಣ್ಣೀರು ಬಿದ್ದರೆ 'ಟಪ್' ಅಂತ ಸೀಳುತ್ತದೆ. ತಾನಾಗಿ ಆರಲಿ.

ಪ್ರಶ್ನೆ: ನಾನು ಹಾಸನದ ಗೃಹಿಣಿ. ಅತ್ತೆಯವರ ಕಾಲದ ಬೀಡಿನ ಕಾವಲಿ ತುಕ್ಕು ಹಿಡಿದಿದೆ. ಒಲೆಗೆ ಹಚ್ಚುವ ಗ್ರಾಫೈಟ್ ಪಾಲಿಶ್ ಇದಕ್ಕೂ ಹಚ್ಚಬಹುದಾ?

ಉತ್ತರ: ಅಯ್ಯೋ ಬೇಡ ತಾಯಿ, ದೋಸೆ ತಿನ್ನೋದಲ್ವಾ! ಹುಣಸೆಹಣ್ಣು ಗಟ್ಟಿಯಾಗಿ ಕಿವುಚಿ ಬಳಿದು ಒಂದು ಗಂಟೆ ಬಿಡಿ. ತೆಂಗಿನ ನಾರಲ್ಲಿ ಉಜ್ಜಿ ತೊಳೆದು, ಸಣ್ಣ ಉರಿಯಲ್ಲಿ ನೀರು ಪೂರ್ತಿ ಆರಿಸಿ. ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ, ಇನ್ನೂ ತೆಳ್ಳಗೆ ಸವರಿ, ಹೊಗೆ ಬರುವ ತನಕ ಕಾಯಿಸಿ, ಆರಲು ಬಿಡಿ. ಹೀಗೆ ನಾಲ್ಕೈದು ಸಲ. ಆಮೇಲೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಉಜ್ಜಿ ದೋಸೆ ಹುಯ್ಯಿರಿ. ಮೊದಲ ಎರಡು ಏಳುವುದಿಲ್ಲ, ಕಿತ್ತು ನಾಯಿಗೆ ಹಾಕಿ. ಮೂರನೆಯದು ಬರುತ್ತದೆ.